ಅಡ್ವಾನ್ಸ್ ಎಂಬ ಒತ್ತೆ ಹಣ

ಬಾಡಿಗೆ ಮನೆಗೆ ಹೋಗುವಾಗ ನಮ್ಮಲ್ಲಿ ಶಾಸ್ತ್ರಗಳು ಹಲವು. ಆಷಾಢ ಕಳೆಯಲೆಂದು ಕಾಯುತ್ತೇವೆ. ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸುತ್ತೇವೆ. ಬಾಗಿಲು ಯಾವ ದಿಕ್ಕಿಗಿದೆ, ಕಾವೇರಿ ನೀರು ಯಾವ ಯಾವ ದಿನ ಬರುತ್ತದೆ ಎಂದು ವಿಚಾರಿಸುತ್ತೇವೆ. ಮನೆ ಬಿಡುವಾಗ ಮಾತ್ರ ಇಂಥ ಯಾವ ಕಟ್ಟಳೆಯೂ ಇಲ್ಲ. ಸಾಮಾನು ಲಾರಿಗೇರಿದ ಮೇಲೆ, ಬೀಗದ ಕೈ ಹಿಡಿದು ಮಾಲೀಕರ ಬಾಗಿಲಲ್ಲಿ ನಿಂತಾಗಲೇ ಲೆಕ್ಕದ ಮಾತು ಶುರುವಾಗುವುದು.

‘ಇವತ್ತು ಶುಕ್ರವಾರ, ಲಕ್ಷ್ಮೀನ ಹೊರಗೆ ಕಳಿಸೋದಿಲ್ಲಮ್ಮ, ನಾಳೆ ಬನ್ನಿ’ ಎನ್ನುವವರುಂಟು. ‘ಪೇಂಟಿಂಗ್‌ಗೆ ಒಂದು ತಿಂಗಳದ್ದು ಹಿಡ್ಕೊತೀವಿ, ಎಲ್ಲ ಕಡೇನೂ ಹಾಗೇ ಅಲ್ವಾ?’ ಎನ್ನುವವರುಂಟು. ‘ಹೊಸಬರು ಬರಲಿ, ಅವರ ಅಡ್ವಾನ್ಸ್ ಬಂದ ಕೂಡಲೇ ನಿಮ್ಮದು ಕೊಟ್ಟುಬಿಡ್ತೀವಿ’ ಎಂಬುದಂತೂ ಬೆಂಗಳೂರಿನ ಬಾಡಿಗೆದಾರರಿಗೆ ಬಾಯಿಪಾಠವಾದ ಮಾತು. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ’ ಎಂಬ ಗಾದೆಯ ಅರ್ಥ ಆ ಹೊತ್ತಿಗೆ ಚೆನ್ನಾಗಿ ಮನವರಿಕೆಯಾಗುತ್ತದೆ.

ಇದು ಸಣ್ಣ ಮೊತ್ತದ ಮಾತಲ್ಲ. ತಿಂಗಳಿಗೆ 15 ಸಾವಿರ ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿ. ಆ ಕುಟುಂಬ ಮುಂದಿನ ಮನೆಗೆ ಮತ್ತೊಂದು ಅಷ್ಟೇ ಮೊತ್ತ ಕೊಡಬೇಕು, ಅದೂ ಹಳೆಯದು ಕೈಸೇರುವ ಮೊದಲೇ. ಗಾರ್ಮೆಂಟ್ ಕಾರ್ಖಾನೆಯ ಕೆಲಸಗಾರರಿಗೆ, ಚಾಲಕರಿಗೆ, ಸಣ್ಣ ಗುಮಾಸ್ತರಿಗೆ ಇದೇ ಜೀವಮಾನದ ಉಳಿತಾಯ. ಅದು ಎರಡು ತಿಂಗಳು ತಡವಾದರೆ ಮನೆಯ ಹೆಂಗಸರ ಬಳೆ, ಸರ ಗಿರವಿ ಅಂಗಡಿ ಸೇರುತ್ತವೆ. ತಮ್ಮದೇ ಹಣ ಬೇರೊಬ್ಬರ ಬಳಿ ಇರುವಾಗ, ತಾವು ಬಡ್ಡಿ ಕಟ್ಟುವ ಪರಿಸ್ಥಿತಿ ಅದು.

ಹಾಗಾದರೆ ಈ ಹಣ ಏನು? ಯಾರದು? ಅದರಲ್ಲಿ ಎಷ್ಟನ್ನು, ಯಾವುದಕ್ಕೆ ಹಿಡಿದುಕೊಳ್ಳಬಹುದು?

ಹೆಸರಿನಲ್ಲೇ ಗೊಂದಲ

ಮೊದಲ ತೊಡಕು ಹೆಸರಿನದು. ಆಡುಮಾತಿನಲ್ಲಿ ಇದು ‘ಅಡ್ವಾನ್ಸ್’, ಬರಹದಲ್ಲಿ ‘ಮುಂಗಡ’. ಮುಂಗಡವೆಂದರೆ ಮುಂದೆ ಕೊಡಬೇಕಾದುದನ್ನು ಮೊದಲೇ ಕೊಡುವುದು. ಬಟ್ಟೆ ಹೊಲಿಸಲು, ಛತ್ರ ಕಾದಿರಿಸಲು ಕೊಡುವ ಮುಂಗಡ ಕೊನೆಯ ಬಿಲ್ಲಿನಲ್ಲಿ ವಜಾ ಆಗುತ್ತದೆ. ಮನೆಯ ಅಡ್ವಾನ್ಸ್ ಹಾಗಲ್ಲ. ಅದು ಬಾಡಿಗೆಯ ಭಾಗವಲ್ಲ. ಕರಾರು ಪತ್ರದಲ್ಲಿ ಅದಕ್ಕಿರುವ ಹೆಸರು ‘ಭದ್ರತಾ ಠೇವಣಿ’. ಠೇವಣಿ ಎಂಬುದು ಮರಾಠಿಯ ಕಡೆಯಿಂದ ಬಂದ ಪದ. ‘ಇಡುವುದು’ ಎಂಬುದೇ ಅದರ ಮೂಲಾರ್ಥ. ಒಬ್ಬರ ಬಳಿ ಇಟ್ಟದ್ದು, ಅಷ್ಟೆ.

ಇನ್ನೂ ಹತ್ತಿರದ ಕನ್ನಡ ಪದ ಬೇಕೆಂದರೆ ‘ಒತ್ತೆ’ ಎನ್ನಬಹುದು. ಒತ್ತೆಯಿಟ್ಟ ಒಡವೆ ಸಾಲ ಕೊಟ್ಟವನದಾಗುವುದಿಲ್ಲ. ಅದು ಅವನ ಭರವಸೆಗಾಗಿ ಅವನಲ್ಲಿರುತ್ತದೆ. ಬಾಡಿಗೆ ಬಾಕಿ ಉಳಿಸಿ ಹೋದರೆ, ಮನೆಗೆ ಹಾನಿ ಮಾಡಿದರೆ, ವಿದ್ಯುತ್ ಬಿಲ್ಲು ಕಟ್ಟದೆ ಹೋದರೆ ಮಾಲೀಕರು ನಷ್ಟಕ್ಕೆ ಸಿಕ್ಕಬಾರದೆಂಬುದೇ ಅಡ್ವಾನ್ಸಿನ ಉದ್ದೇಶ. ಆದರೆ ಒಂದು ವ್ಯತ್ಯಾಸವಿದೆ. ಗಿರವಿ ಅಂಗಡಿಯಲ್ಲಿ ಇಟ್ಟ ಬಳೆಯೇ ಮರಳಿ ಬರುತ್ತದೆ. ಅಡ್ವಾನ್ಸ್ ಕೊಟ್ಟ ನೋಟುಗಳು ಮಾಲೀಕರ ಹಣದಲ್ಲಿ ಬೆರೆತು ಖರ್ಚಾಗಿ ಹೋಗುತ್ತವೆ. ಬಾಡಿಗೆದಾರರ ದೃಷ್ಟಿಯಲ್ಲಿ ಅದು ಇಟ್ಟ ಹಣ. ಮಾಲೀಕರ ಕೈಯಲ್ಲಿ ಅದು ಬಡ್ಡಿಯಿಲ್ಲದ ಸಾಲ. ಜಗಳದ ಬೇರು ಇರುವುದು ಇಲ್ಲಿ.

ಹತ್ತು ತಿಂಗಳ ಪದ್ಧತಿ

ದೇಶದ ಬೇರೆ ಅನೇಕ ನಗರಗಳಲ್ಲಿ ಎರಡು ಮೂರು ತಿಂಗಳ ಬಾಡಿಗೆಯನ್ನು ಠೇವಣಿಯಾಗಿ ಕೇಳುವುದು ರೂಢಿ. ಬೆಂಗಳೂರಿನಲ್ಲಿ ಹತ್ತು ತಿಂಗಳು ಹೇಗೆ ಬಂತು? ಇದಕ್ಕೆ ಯಾವ ಕಾನೂನಿನ ಆಧಾರವೂ ಇಲ್ಲ. ನಗರ ಬೆಳೆದ ರೀತಿಯನ್ನು ನೋಡಿದರೆ ಕಾರಣವನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು.

1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಆರಂಭವಾದವು. ಕೆಲಸಕ್ಕೆ ಬಂದವರೆಲ್ಲರಿಗೂ ಕ್ವಾರ್ಟರ್ಸ್ ಸಿಗಲಿಲ್ಲ. ಮನೆಗಳ ಅಭಾವ ಹೆಚ್ಚಿತು. ಸರ್ಕಾರ ಬಾಡಿಗೆಯ ಮೇಲೆ ಹಿಡಿತ ತಂದಿತು. ಮೊದಲು 1951ರಲ್ಲಿ, ಬಳಿಕ 1961ರಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆಗಳು ಬಂದವು. 1961ರ ಕಾಯ್ದೆಯಂತೆ ಮನೆ ಖಾಲಿಯಾದರೆ ಮಾಲೀಕರು ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು. ಅದನ್ನು ಯಾರಿಗೆ ಕೊಡಬೇಕೆಂದು ಅಧಿಕಾರಿ ಆದೇಶಿಸಬಹುದಿತ್ತು. ‘ನ್ಯಾಯಬಾಡಿಗೆ’ಯನ್ನು ಗೊತ್ತುಪಡಿಸಬಹುದಿತ್ತು. ಕಾಯ್ದೆಯಲ್ಲಿ ಹೇಳಿದ ಕಾರಣಗಳಿಲ್ಲದೆ ಬಾಡಿಗೆದಾರರನ್ನು ಬಿಡಿಸುವಂತಿರಲಿಲ್ಲ. ಬಾಡಿಗೆ ಏರಿಸಲಾಗದ, ಬೇಕೆಂದಾಗ ಮನೆ ಬಿಡಿಸಿಕೊಳ್ಳಲಾಗದ ಮಾಲೀಕರಿಗೆ ದೊಡ್ಡ ಅಡ್ವಾನ್ಸ್ ಒಂದು ಆಸರೆಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಬಡ್ಡಿಯ ಲೆಕ್ಕವೂ ಇದಕ್ಕೆ ಸೇರಿಕೊಂಡಿತು. ಬ್ಯಾಂಕುಗಳು ನಿಶ್ಚಿತ ಠೇವಣಿಗೆ ಶೇ 12ರಷ್ಟು ಬಡ್ಡಿ ಕೊಡುತ್ತಿದ್ದ ಕಾಲವಿತ್ತು. ಆ ದರದಲ್ಲಿ ಒಂದೂವರೆ ಲಕ್ಷಕ್ಕೆ ವರ್ಷಕ್ಕೆ 18 ಸಾವಿರ ರೂಪಾಯಿ. ಎಂದರೆ 15 ಸಾವಿರ ಬಾಡಿಗೆಯ ಮನೆಯಿಂದ ಮಾಲೀಕರಿಗೆ ಹನ್ನೆರಡಲ್ಲ, ಹದಿಮೂರು ತಿಂಗಳಿಗೂ ಹೆಚ್ಚಿನ ಬಾಡಿಗೆ ಬಂದಂತೆ. ಬಡ್ಡಿ ಶೇ 6ಕ್ಕೆ ಇಳಿದರೆ ಅದೇ ಮೊತ್ತದಿಂದ ಬರುವುದು 9 ಸಾವಿರ ಮಾತ್ರ. ಬಡ್ಡಿಯ ಲಾಭ ಕುಗ್ಗಿದರೂ ರೂಢಿ ಮಾತ್ರ ಉಳಿದುಕೊಂಡಿತು.

ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆ ಹೋಗಿ, 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಆದರೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದು ಆ ಬಾಡಿಗೆಗೆ ಒಂದು ಕೊಠಡಿ ಸಿಗುವುದೂ ಕಷ್ಟ. ಹೀಗಾಗಿ ಬಹುಪಾಲು ಮನೆಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರಲ್ಲಿ ಭದ್ರತಾ ಠೇವಣಿಯ ಮಾತೇ ಇಲ್ಲ. ಆದ್ದರಿಂದ ಮಾಲೀಕರು ಮತ್ತು ಬಾಡಿಗೆದಾರರು ಸಹಿ ಹಾಕುವ ಕರಾರೇ ಅವರಿಬ್ಬರ ಮಟ್ಟಿಗೆ ಕಾನೂನಾಗಿ ನಿಲ್ಲುತ್ತದೆ. ಬ್ರೋಕರ್ ತಂದುಕೊಟ್ಟ ಛಾಪಾ ಕಾಗದವನ್ನು ಓದದೆ ಸಹಿ ಹಾಕುವವರು ಇದನ್ನು ನೆನಪಿಡುವುದು ಒಳ್ಳೆಯದು.

ಭೋಗ್ಯದ ದಾರಿ

ಅಡ್ವಾನ್ಸಿನ ದೊಡ್ಡಣ್ಣನೆಂದರೆ ಭೋಗ್ಯ. ಸಾಲ ಕೊಟ್ಟವನು ಜಮೀನನ್ನು ಸ್ವಾಧೀನಕ್ಕೆ ಪಡೆದು, ಬಡ್ಡಿಯ ಬದಲು ಅದರ ಫಸಲನ್ನು ಅನುಭವಿಸುವ ಏರ್ಪಾಡು ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ಬೆಂಗಳೂರಿನಲ್ಲಿ ಅದು ಮನೆಗೂ ಬಂತು. ‘ಲೀಸ್’ ಎಂದು ಕರೆಯುವ ಈ ಕ್ರಮದಲ್ಲಿ ಕೆಲವು ಲಕ್ಷ ರೂಪಾಯಿಗಳನ್ನು ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಪೂರ್ತಿ ಹಣ ವಾಪಸ್ ಪಡೆಯುವುದು ವಾಡಿಕೆ.

ಬಾಡಿಗೆ ಉಳಿಯುತ್ತದೆಂಬ ಆಸೆಗೆ ಊರಿನ ಜಮೀನು ಮಾರಿ ಭೋಗ್ಯಕ್ಕೆ ಹಣ ಹೂಡುವವರಿದ್ದಾರೆ. ಅಪಾಯವೂ ಅಷ್ಟೇ ದೊಡ್ಡದು. ಆ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದು ಮಾಲೀಕರು ಕಂತು ಕಟ್ಟದಿದ್ದರೆ ಬ್ಯಾಂಕಿನವರು ಮನೆಯನ್ನು ಹರಾಜಿಗಿಡಬಹುದು. ನೋಂದಣಿಯಾಗದ ಕಾಗದ ಹಿಡಿದವರು ಆಗ ಮನೆಯನ್ನೂ ಕಳೆದುಕೊಂಡು, ಹಣಕ್ಕಾಗಿ ಅಲೆಯಬೇಕಾಗುತ್ತದೆ. ಭೋಗ್ಯಕ್ಕೆ ಮನೆ ಹಿಡಿಯುವವರು ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ ನೋಡಬೇಕು, ಮೂಲ ಪತ್ರಗಳು ಯಾರ ಬಳಿ ಇವೆ ಎಂದು ಕೇಳಬೇಕು, ಕರಾರನ್ನು ನೋಂದಣಿ ಮಾಡಿಸಬೇಕು.

ಹಿಂದಿನವರಿಗೆ ಮುಂದಿನವರ ಹಣ

ಅಡ್ವಾನ್ಸ್ ತಡವಾಗಲು ಮಾಲೀಕರ ದುರಾಸೆಯೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಕೆಳಗೆ ತಾವಿದ್ದು ಮೇಲೆ ಎರಡು ಮನೆ ಬಾಡಿಗೆಗೆ ಕೊಟ್ಟಿರುವ ನಿವೃತ್ತ ನೌಕರರು ಈ ನಗರದಲ್ಲಿ ಬಹಳ ಮಂದಿ ಇದ್ದಾರೆ. ಬಂದ ಅಡ್ವಾನ್ಸಿನಲ್ಲಿ ಒಬ್ಬರು ಮೇಲಿನ ಮಹಡಿಗೆ ತಾರಸಿ ಹಾಕಿಸಿರುತ್ತಾರೆ, ಮತ್ತೊಬ್ಬರು ಮಗಳ ಮದುವೆ ಮಾಡಿರುತ್ತಾರೆ. ಹಣ ಮನೆಯಲ್ಲಿಲ್ಲ, ಗೋಡೆಯಲ್ಲಿದೆ, ಇಲ್ಲವೇ ಬೀಗರ ಮನೆಯಲ್ಲಿದೆ! ಹೊಸ ಬಾಡಿಗೆದಾರರು ಕೊಟ್ಟರೆ ಮಾತ್ರ ಹಳಬರಿಗೆ ಕೊಡಬಹುದು. ಆ ಹೊಸಬರು ತಮ್ಮ ಹಳೆಯ ಮಾಲೀಕರಿಂದ ಹಣ ಬರಲೆಂದು ಕಾಯುತ್ತಿರುತ್ತಾರೆ. ಹೀಗೆ ಒಂದು ಬೀದಿಯ ಅಡ್ವಾನ್ಸ್ ಇನ್ನೊಂದು ಬೀದಿಯ ಅಡ್ವಾನ್ಸಿಗೆ ಸರಪಳಿಯಂತೆ ಜೋಡಿಕೊಂಡಿದೆ.

ಬಾಡಿಗೆದಾರರು ಬರುತ್ತಲೇ ಇರುವ ತನಕ ಈ ಸರಪಳಿಗೆ ತೊಂದರೆಯಿಲ್ಲ. 2020ರಲ್ಲಿ ಕೊರೊನಾ ಲಾಕ್‌ಡೌನ್ ಆದಾಗ ಬಹಳಷ್ಟು ಮಂದಿ ಮನೆ ಖಾಲಿ ಮಾಡಿ ಊರಿಗೆ ಮರಳಿದರು. ಗೇಟುಗಳ ಮೇಲೆ ‘ಟು-ಲೆಟ್’ ಬೋರ್ಡುಗಳು ತಿಂಗಳುಗಟ್ಟಲೆ ತೂಗಾಡಿದವು. ಹೊಸಬರು ಬರಲಿಲ್ಲ; ಹಳಬರ ಹಣವೂ ಹೊರಡಲಿಲ್ಲ.

ಆದರೂ ಒಂದು ಮಾತು ಸ್ಪಷ್ಟ. ಹೊಸಬರು ಬಂದ ಮೇಲೆ ಹಣ ಕೊಡುತ್ತೇವೆಂಬುದು ಮಾಲೀಕರ ಅನುಕೂಲವೇ ಹೊರತು ಹಕ್ಕಲ್ಲ. ಕರಾರಿನಲ್ಲಿ ಹಾಗೆಂದು ಬರೆದಿರದಿದ್ದರೆ, ಖಾಲಿ ಮನೆ ಒಪ್ಪಿಸಿದ ಬಾಡಿಗೆದಾರರು ಮುಂದಿನವರಿಗಾಗಿ ಕಾಯಬೇಕಾದ ಕಾರಣವಿಲ್ಲ.

ಏನನ್ನು ಹಿಡಿಯಬಹುದು?

1882ರ ಕಾಯ್ದೆಯಲ್ಲಿ ಠೇವಣಿಯ ಮಾತಿಲ್ಲದಿದ್ದರೂ ಮನೆಯ ಸ್ಥಿತಿಯ ಮಾತಿದೆ. ಅದರ 108ನೇ ಸೆಕ್ಷನ್ ಪ್ರಕಾರ ಬಾಡಿಗೆದಾರರು ಮನೆಯನ್ನು ತಾವು ಪಡೆದಾಗ ಇದ್ದ ಸ್ಥಿತಿಯಲ್ಲೇ ಒಪ್ಪಿಸಬೇಕು. ಆದರೆ ಸಹಜ ಬಳಕೆಯಿಂದಾದ ಸವೆತಕ್ಕೆ ಮತ್ತು ತಡೆಯಲಾಗದ ಪ್ರಕೃತಿ ವಿಕೋಪಕ್ಕೆ ಅವರು ಹೊಣೆಯಲ್ಲ. ಇಡೀ ವಿವಾದಕ್ಕೆ ಇದೊಂದೇ ಅಳತೆಗೋಲು ಎಂದರೂ ಸಲ್ಲುತ್ತದೆ.

ನಾಲ್ಕು ವರ್ಷದಲ್ಲಿ ಗೋಡೆಯ ಬಣ್ಣ ಮಾಸುವುದು, ನಲ್ಲಿಯ ವಾಷರ್ ಸವೆದು ನೀರು ತೊಟ್ಟಿಕ್ಕುವುದು, ಕ್ಯಾಲೆಂಡರ್ ತೂಗುಹಾಕಿದ ಒಂದೆರಡು ಮೊಳೆಯ ಗುರುತು, ಬಾಗಿಲ ಚಿಲಕ ಸಡಿಲವಾಗುವುದು ಇವೆಲ್ಲ ಸಹಜ ಸವೆತ. ಒಡೆದ ವಾಷ್‌ಬೇಸಿನ್, ಬಿರುಕು ಬಿಟ್ಟ ಕಿಟಕಿ ಗಾಜು, ಎ.ಸಿ. ಕೂರಿಸಲು ಕೇಳದೆ ಕೊರೆದ ಗೋಡೆ, ಕಿತ್ತುಹೋದ ಸ್ವಿಚ್‌ಬೋರ್ಡ್ ಇವು ಹಾನಿ. ಹಾನಿಗೆ ಹಣ ಹಿಡಿಯಬಹುದು, ಸವೆತಕ್ಕೆ ಅಲ್ಲ. ಹಾನಿಗೂ ಹಿಡಿಯಬೇಕಾದುದು ದುರಸ್ತಿಯ ನಿಜವಾದ ಖರ್ಚನ್ನು. ಪ್ಲಂಬರ್ ಅಥವಾ ಮೇಸ್ತ್ರಿ ಕೊಟ್ಟ ಚೀಟಿ ಅದಕ್ಕೆ ಆಧಾರವಾಗಬೇಕು.

ಇನ್ನು ಪೇಂಟಿಂಗಿನ ಒಂದು ತಿಂಗಳು. ಹಿಂದೆ ಒಬ್ಬರು ಮನೆ ಬಿಟ್ಟು ಇನ್ನೊಬ್ಬರು ಬರುವ ನಡುವೆ ಸುಣ್ಣ ಹೊಡೆಸುವುದು ವಾಡಿಕೆಯಾಗಿತ್ತು. ಸುಣ್ಣ ಹೋಗಿ ಪೇಂಟ್ ಬಂತು. ‘ಒಂದು ತಿಂಗಳ ಬಾಡಿಗೆ’ ಎಂಬ ಅಳತೆ ಖಾಯಮ್ಮಾಯಿತು. ಈ ಅಳತೆಗೂ ಬಣ್ಣದ ಖರ್ಚಿಗೂ ಸಂಬಂಧವಿಲ್ಲ. ಬಾಡಿಗೆ ಏರಿದಂತೆ ಅದೂ ಏರುತ್ತದೆ. ಹನ್ನೊಂದು ತಿಂಗಳು ಇದ್ದವರಿಗೂ ಆರು ವರ್ಷ ಇದ್ದವರಿಗೂ ಅದೇ ಒಂದು ತಿಂಗಳು! ಕರಾರಿನಲ್ಲಿ ಈ ಷರತ್ತಿದ್ದು ಸಹಿ ಹಾಕಿದ್ದರೆ ಒಪ್ಪಿದಂತೆಯೇ ಸರಿ. ಇಲ್ಲದಿದ್ದರೆ ‘ಎಲ್ಲ ಕಡೇನೂ ಹಾಗೇ’ ಎಂಬ ಮಾತು ಮಾತ್ರ ಅದಕ್ಕೆ ಆಧಾರ. ಕರಾರಿನಲ್ಲಿ ದಂಡದ ಮೊತ್ತವನ್ನು ಬರೆದಿದ್ದಾಗಲೂ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಅದನ್ನು ಮೇಲ್ಮಿತಿಯೆಂದು ಮಾತ್ರ ನೋಡುತ್ತದೆ; ಅದರೊಳಗೆ ಸಮಂಜಸವಾದ ಪರಿಹಾರವಷ್ಟೇ ಸಲ್ಲುತ್ತದೆ.

ಬಾಡಿಗೆದಾರರ ಕಡೆಯ ತಪ್ಪೊಂದಿದೆ. ಹಣ ಬರುತ್ತದೋ ಇಲ್ಲವೋ ಎಂಬ ಅಂಜಿಕೆಯಿಂದ ಕೊನೆಯ ಮೂರು ನಾಲ್ಕು ತಿಂಗಳು ಬಾಡಿಗೆ ಕೊಡದೆ ‘ಅಡ್ವಾನ್ಸಿನಲ್ಲಿ ಹಿಡ್ಕೊಳ್ಳಿ ಸಾರ್’ ಎನ್ನುವುದು. ಇಬ್ಬರೂ ಒಪ್ಪಿದರೆ ಅಡ್ಡಿಯಿಲ್ಲ. ಒಬ್ಬರೇ ತೀರ್ಮಾನಿಸಿದರೆ ಅದು ಬಾಡಿಗೆ ಬಾಕಿಯಾಗುತ್ತದೆ. ಅಷ್ಟೇ ಅಲ್ಲ, ಕೊನೆಗೆ ನಿಜವಾದ ಹಾನಿ ಕಂಡುಬಂದರೆ ಮಾಲೀಕರ ಕೈಯಲ್ಲಿ ಒತ್ತೆಯೇ ಉಳಿದಿರುವುದಿಲ್ಲ.

ಮೊದಲ ದಿನದ ಕೆಲಸ

ಮನೆ ಬಿಡುವ ದಿನದ ಜಗಳ ತೀರ್ಮಾನವಾಗುವುದು ಮನೆಗೆ ಬಂದ ದಿನ. ‘ಪಡೆದಾಗ ಇದ್ದ ಸ್ಥಿತಿ’ ಹೇಗಿತ್ತೆಂದು ತೋರಿಸಲು ಬಾಯಿಮಾತಿಗಿಂತ ಕಾಗದ ಬೇಕು. ಸಾಮಾನು ಇಳಿಸುವ ಮೊದಲೇ ಮಾಲೀಕರೊಂದಿಗೆ ಮನೆಯೆಲ್ಲ ಒಮ್ಮೆ ಸುತ್ತಿ ಫ್ಯಾನ್, ಗೀಸರ್, ನಲ್ಲಿ, ಬೀಗದ ಕೈ ಎಷ್ಟೆಷ್ಟಿವೆ, ಎಲ್ಲಿ ಬಿರುಕಿದೆ, ಎಲ್ಲಿ ತೇವದ ಕಲೆಯಿದೆ ಎಂದು ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕುವುದು ಕ್ಷೇಮ. ಮೊಬೈಲ್ ಫೋನಿನಲ್ಲಿ ಫೋಟೊ ತೆಗೆದು ಅದೇ ದಿನ ಮಾಲೀಕರಿಗೆ ಕಳುಹಿಸಿದರೆ ತಾರೀಕೂ ದಾಖಲಾಗುತ್ತದೆ. ಅಡ್ವಾನ್ಸನ್ನು ಚೆಕ್ ಮೂಲಕ ಅಥವಾ ಬ್ಯಾಂಕ್ ಖಾತೆಗೇ ಕೊಡಬೇಕು. ನಗದು ಕೊಟ್ಟರೆ ರಸೀದಿ ಪಡೆಯಬೇಕು.

ಕರಾರಿನಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗಿರಬೇಕು: ಅಡ್ವಾನ್ಸ್ ಎಷ್ಟು, ಅದರಲ್ಲಿ ಏನೇನನ್ನು ಹಿಡಿಯಬಹುದು, ಉಳಿದುದನ್ನು ಯಾವಾಗ ಕೊಡಬೇಕು. ಬೀಗದ ಕೈ ಮತ್ತು ಹಣ ಒಂದೇ ಹೊತ್ತಿಗೆ ಕೈಬದಲಾಗಬೇಕು ಎಂಬ ಒಂದು ಸಾಲಿದ್ದರೆ ಮುಂದಿನ ಎಷ್ಟೋ ಮನಸ್ತಾಪ ತಪ್ಪುತ್ತದೆ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ ಹನ್ನೊಂದು ತಿಂಗಳ ಕರಾರು ಬಳಕೆಗೆ ಬಂದಿದೆ. ಅವಧಿ ಮುಗಿದ ಮೇಲೆ ಹೊಸದನ್ನು ಬರೆಸದೆ ಬಾಯಿಮಾತಿನಲ್ಲೇ ವರ್ಷಗಟ್ಟಲೆ ಮುಂದುವರಿಯುವವರು ಹೆಚ್ಚು. ನವೀಕರಿಸಿದಾಗಲೆಲ್ಲ ಅಡ್ವಾನ್ಸ್ ಮೊತ್ತ ಹೊಸ ಪತ್ರದಲ್ಲೂ ಇದೆಯೇ ಎಂದು ನೋಡಬೇಕು. ನಡುವೆ ಮನೆ ಮಾರಾಟವಾದರೆ, ಅಡ್ವಾನ್ಸ್ ಹಣವನ್ನು ಯಾರು ಹಿಂತಿರುಗಿಸುತ್ತಾರೆಂದು ಹಳೆಯ ಮತ್ತು ಹೊಸ ಮಾಲೀಕರಿಬ್ಬರಿಂದಲೂ ಬರೆಸಿಕೊಳ್ಳಬೇಕು.

ಮನೆ ಬಿಡುವುದನ್ನು ಬರಹದಲ್ಲೇ ತಿಳಿಸಬೇಕು. ಕರಾರಿನಲ್ಲಿ ಎಷ್ಟು ದಿನದ ನೋಟಿಸ್ ಎಂದಿದೆಯೋ ಅಷ್ಟು. ಏನೂ ಹೇಳಿರದಿದ್ದರೆ ತಿಂಗಳ ಬಾಡಿಗೆಯ ವಾಸಕ್ಕೆ ಕಾಯ್ದೆ ಹೇಳುವುದು 15 ದಿನ. ಹೊರಡುವ ಮುನ್ನ ಮಾಲೀಕರನ್ನು ಕರೆದು, ಹಳೆಯ ಪಟ್ಟಿ ಹಿಡಿದು ಮನೆ ತೋರಿಸಬೇಕು. ಸಣ್ಣಪುಟ್ಟ ರಿಪೇರಿಯನ್ನು ತಾವೇ ಮಾಡಿಸಿದರೆ ಖರ್ಚು ಕಡಿಮೆ. ಆ ದಿನದ ವಿದ್ಯುತ್ ಮೀಟರ್ ರೀಡಿಂಗ್ ಬರೆದುಕೊಂಡು ಬಿಲ್ಲಿನ ಅಂದಾಜು ಮೊತ್ತವನ್ನಷ್ಟೇ ಬಿಡಬೇಕು. ‘ಬಿಲ್ಲು ಬರಲಿ’ ಎಂದು ಪೂರ್ತಿ ಹಣ ತಡೆಯುವ ಅಗತ್ಯವಿಲ್ಲ. ಗೃಹಜ್ಯೋತಿಗೆ ಆ ಮನೆಯ ಆರ್.ಆರ್. ಸಂಖ್ಯೆಯೊಂದಿಗೆ ತಮ್ಮ ಆಧಾರ್ ಜೋಡಿಸಿದ್ದವರು ಅದನ್ನು ಬಿಡಿಸಿಕೊಳ್ಳಬೇಕು. ಇಲ್ಲವಾದರೆ ಮುಂದೆ ಬರುವವರಿಗೂ ತೊಡಕು, ತಮಗೂ ಹೊಸ ಮನೆಯಲ್ಲಿ ತೊಡಕು.

ಹಣ ಬಾರದಿದ್ದರೆ

ಮಾಲೀಕರು ಕಡಿತದ ವಿವರವನ್ನೂ ಕೊಡದೆ ಹಣವನ್ನೂ ಕೊಡದೆ ಹೋದರೆ, ಮೊದಲು ಲೆಕ್ಕ ಕೇಳಿ ಪತ್ರ ಬರೆಯಬೇಕು. ಬಳಿಕ ವಕೀಲರ ಮೂಲಕ ನೋಟಿಸ್. ಹಲವು ಪ್ರಕರಣಗಳು ಇಲ್ಲಿಗೇ ಮುಗಿಯುತ್ತವೆ. ಇದು ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯವಾದ್ದರಿಂದ ಠಾಣೆಗೆ ಹೋದರೆ ಕೋರ್ಟಿಗೆ ಹೋಗಿ ಎಂಬ ಉತ್ತರ ಬರುವುದೇ ಹೆಚ್ಚು. ಬೆಂಗಳೂರಿನಲ್ಲಿ ಸಣ್ಣ ಮೊತ್ತದ ದಾವೆಗಳಿಗೆ ಲಘು ವ್ಯವಹಾರಗಳ ನ್ಯಾಯಾಲಯವಿದೆ. ಹಣ ವಸೂಲಿಯ ದಾವೆಗೆ ಕಾಲಮಿತಿ ಮೂರು ವರ್ಷ. ‘ಕೊಡ್ತೀನಿ, ಕೊಡ್ತೀನಿ’ ಎಂಬ ಮಾತು ನಂಬಿ ಅದನ್ನು ದಾಟಿಸಿಕೊಳ್ಳಬಾರದು.

ಕೋರ್ಟಿನ ಖರ್ಚಿಗೆ ಅಂಜುವವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ದಾರಿಯಿದೆ. 1987ರ ಕಾಯ್ದೆಯಂತೆ ದಾವೆ ಹೂಡುವ ಮೊದಲೇ ವಿವಾದವನ್ನು ರಾಜಿಗೆ ಒಯ್ಯಬಹುದು. ಇಬ್ಬರೂ ಒಪ್ಪಿ ಲೋಕ ಅದಾಲತ್‌ನಲ್ಲಿ ಆದ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಅಪೀಲು ಇಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು.

ಯಾರ ಕೈಯಲ್ಲಿರಬೇಕು?

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಯೊಂದನ್ನು ಒಪ್ಪಿ ರಾಜ್ಯಗಳಿಗೆ ಕಳುಹಿಸಿತು. ಅದರಂತೆ ವಾಸದ ಮನೆಗೆ ಠೇವಣಿ ಎರಡು ತಿಂಗಳ ಬಾಡಿಗೆ ಮೀರಬಾರದು, ವಾಣಿಜ್ಯ ಕಟ್ಟಡಕ್ಕೆ ಆರು ತಿಂಗಳು. ಮನೆಯನ್ನು ವಶಕ್ಕೆ ಪಡೆದ ದಿನವೇ ಸಲ್ಲಬೇಕಾದ ಕಡಿತ ಮಾಡಿ ಉಳಿದುದನ್ನು ಕೊಡಬೇಕು. ಆದರೆ ಅದು ಮಾದರಿ ಮಾತ್ರ. ರಾಜ್ಯವೊಂದು ಅದನ್ನು ತನ್ನ ಕಾಯ್ದೆಯಾಗಿ ಮಾಡಿಕೊಳ್ಳದೆ ಅಲ್ಲಿನ ಬಾಡಿಗೆದಾರರಿಗೆ ಅದರ ರಕ್ಷಣೆ ಸಿಗುವುದಿಲ್ಲ.

ಠೇವಣಿಯ ಮೊತ್ತಕ್ಕೆ ಮಿತಿ ಹಾಕುವುದು ಒಂದು ಕ್ರಮ. ಅದನ್ನು ಮೂರನೆಯವರ ಕೈಯಲ್ಲಿಡುವುದು ಇನ್ನೊಂದು. ಸಿಡ್ನಿಗೆ, ಲಂಡನ್ನಿಗೆ ಕೆಲಸಕ್ಕೆಂದು ಹೋದ ನಮ್ಮವರು ಅಲ್ಲಿ ಇದನ್ನು ಕಾಣುತ್ತಾರೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1977ರ ಕಾಯ್ದೆ ಬಾಡಿಗೆ ಠೇವಣಿಗಾಗಿಯೇ ಒಂದು ಮಂಡಳಿಯನ್ನು ಸ್ಥಾಪಿಸಿತು. ಹಣ ಮಾಲೀಕರ ಜೇಬಿಗೆ ಹೋಗದೆ ಅಲ್ಲಿರುತ್ತದೆ. ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್‌ನಿಂದ ಮಾಲೀಕರು ಠೇವಣಿಯನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದಕ್ಕೆ ಒಳಪಡಿಸಬೇಕು. ಕಡಿತದ ಬಗ್ಗೆ ತಕರಾರು ಬಂದರೆ ಇಬ್ಬರ ದಾಖಲೆಗಳನ್ನೂ ನೋಡಿ ತೀರ್ಪು ಹೇಳುವ ಉಚಿತ ಏರ್ಪಾಡು ಆ ಯೋಜನೆಗಳಲ್ಲೇ ಇದೆ. ಒತ್ತೆ ಹಿಡಿದವರೇ ತೀರ್ಪು ಹೇಳುವ ಸ್ಥಿತಿ ಅಲ್ಲಿ ತಪ್ಪಿದೆ.

ನಮ್ಮಲ್ಲಿ ಅಂಥ ಮೂರನೆಯ ಕೈ ಇಲ್ಲದಿರುವಾಗ ಆ ಕೆಲಸವನ್ನು ಕಾಗದವೇ ಮಾಡಬೇಕು. ಮನೆ ಬಿಡುವ ದಿನ ಒಂದು ಹಾಳೆಯಲ್ಲಿ ಕೊಟ್ಟ ಅಡ್ವಾನ್ಸ್, ಹಿಡಿದ ಮೊತ್ತ ಮತ್ತು ಅದರ ಕಾರಣ, ವಾಪಸ್ ಕೊಟ್ಟ ಮೊತ್ತ, ಒಪ್ಪಿಸಿದ ಬೀಗದ ಕೈಗಳ ಸಂಖ್ಯೆ ಬರೆದು, ‘ಇನ್ನು ಯಾರಿಗೂ ಯಾವ ಬಾಕಿಯೂ ಇಲ್ಲ’ ಎಂದು ಸೇರಿಸಿ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡರೆ ಸಾಕು. ಆ ಹಾಳೆಯಿದ್ದರೆ ಮುಂದಿನ ಹಬ್ಬಕ್ಕೆ ಹಳೆಯ ಓಣಿಗೆ ಹೋದಾಗ ಮಾಲೀಕರ ಮನೆಯ ಬಾಗಿಲು ತಟ್ಟಲು ಯಾರಿಗೂ ಸಂಕೋಚವಾಗುವುದಿಲ್ಲ.